ಲಾಟ್ವಿಯಾದ ಮಣ್ಣು

ಡೊಂಬಿವಲಿ ಪೂರ್ವ
22 ಜೂನ್ 2024

ಅಶ್ಮಿತಾ,

ಕಳೆದ ಭಾನುವಾರ ನಿನ್ನ ನರ್ಸರಿಯ ಹೊಸ ಶೆಡ್ಡಿನ ಪೂಜೆಯಿಂದ ನಾನು ಊಟ ಮಾಡದೆ ಎದ್ದು ಬಂದದ್ದರಿಂದ ನಿನ್ನ ಗಂಡನಿಗೆ ಅವಮಾನವಾಯಿತು ಎಂದು ನಿನ್ನ ಮಗಳು ಪೂಜಿತಾ ಹೇಳಿದಳು. ಅನೀಶನಿಗೆ ಅವಮಾನ ಮಾಡುವ ಉದ್ದೇಶ ನನಗಿರಲಿಲ್ಲ. ಅವನನ್ನು ನಾನು ಅಷ್ಟಾಗಿ ಗಮನಿಸುವುದೂ ಇಲ್ಲ.

ಎಲೆ ಹಾಕುವ ಮೊದಲು ಕೈ ತೊಳೆಯಲೆಂದು ಶೆಡ್ಡಿನ ಹಿಂಬದಿಗೆ ಹೋದೆ. ಅಲ್ಲಿ ಆಳೆತ್ತರಕ್ಕೆ ಪೇರಿಸಿಟ್ಟ ಪ್ಲಾಸ್ಟಿಕ್ ಮೂಟೆಗಳಿದ್ದವು. ಪೀಟ್ ಎಂದೂ ಲಾಟ್ವಿಯಾ ದೇಶದ್ದೆಂದೂ ಅಚ್ಚಾಗಿತ್ತು. ಒಂದು ಮೂಟೆ ಬಾಯಿ ಬಿಚ್ಚಿಕೊಂಡಿತ್ತು. ಒಂದು ಹಿಡಿ ತೆಗೆದು ನೋಡಿದೆ. ಪಾಚಿಯ ಎಳೆಗಳು ಇನ್ನೂ ಬಿಡಿಬಿಡಿಯಾಗಿ ಕಾಣುತ್ತಿದ್ದವು.

ನಿನಗೆ ಅದು ಕುಂಡಕ್ಕೆ ತುಂಬುವ ಹಗುರವಾದ ಪುಡಿ. ಅದು ಏನೆಂದು ನಾನು ಹೇಳುತ್ತೇನೆ. ಚಳಿ ದೇಶಗಳ ಜವುಗಿನಲ್ಲಿ ಪಾಚಿ ಬೆಳೆದು ಸಾಯುತ್ತದೆ. ನೀರಿನಲ್ಲಿ ಮುಳುಗಿರುವುದರಿಂದ ಕೊಳೆಯುವುದಿಲ್ಲ. ಅದರ ಮೇಲೆ ಹೊಸ ಪಾಚಿ ಹುಟ್ಟುತ್ತದೆ. ವರ್ಷಕ್ಕೆ ಒಂದು ಮಿಲಿಮೀಟರ್ ಏರಿದರೆ ಅದೇ ಹೆಚ್ಚು. ನೀನು ಒಂದು ಕುಂಡಕ್ಕೆ ಸುರಿಯುವ ಗೇಣುದ್ದದ ಪೀಟ್ ಆಗುವುದಕ್ಕೆ ಇನ್ನೂರು ವರ್ಷ ಬೇಕು. ಭೂಮಿಯ ನೆಲದಲ್ಲಿ ನೂರಕ್ಕೆ ಮೂರು ಪಾಲು ಮಾತ್ರ ಇರುವ ಈ ಜವುಗು, ಜಗತ್ತಿನ ಕಾಡುಗಳೆಲ್ಲ ಸೇರಿ ಹಿಡಿದಿಟ್ಟದ್ದಕ್ಕಿಂತ ಹೆಚ್ಚು ಇಂಗಾಲವನ್ನು ಹಿಡಿದಿಟ್ಟಿದೆ. ಕಾಲುವೆ ತೋಡಿ ನೀರು ಬಸಿದರೆ ಒಳಗೆ ಗಾಳಿಯಾಡುತ್ತದೆ. ಸಾವಿರಾರು ವರ್ಷ ಕೂಡಿಟ್ಟದ್ದು ಹೊಗೆಯಿಲ್ಲದೆ ಉರಿದುಹೋಗುತ್ತದೆ. ಅದನ್ನು ಹಡಗಿನಲ್ಲಿ ತರಿಸಿ ಪಾಮ್ ಬೀಚ್ ರಸ್ತೆಯ ಬಾಲ್ಕನಿಗಳಿಗೆ ಪೆಟೂನಿಯಾ ಬೆಳೆಸುವವಳು, ಥಾಣೆಯ ಕಾಲೇಜಿನಲ್ಲಿ ಆಯುಷ್ಯವೆಲ್ಲ ಸಸ್ಯಶಾಸ್ತ್ರ ಕಲಿಸಿದವನ ಮಗಳು.

ಇದನ್ನು ಫೋನಿನಲ್ಲಿ ಹೇಳಬಹುದಿತ್ತು. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀ. ಪತ್ರದ ನಡುವೆ ಯಾರೂ ಬಾಯಿ ಹಾಕಲಾರರು.

ಆ ಮೂಟೆಗಳು ಹೋದ ದಿನ ನಾನು ನಿನ್ನ ಮನೆಗೆ ಬರುತ್ತೇನೆ. ಅಲ್ಲಿಯವರೆಗೆ ನೀನೂ ಇಲ್ಲಿಗೆ ಬರಬೇಡ. ಪೂಜಿತಾ ಎಂದಿನಂತೆ ಶನಿವಾರ ಬರಲಿ. ಉತ್ತರವಿದ್ದರೆ ಅವಳ ಕೈಯಲ್ಲಿ ಕಳುಹಿಸು.

ನಿನ್ನ ತಂದೆಯೆಂದು ಈಗಲೂ ಹೇಳಿಕೊಳ್ಳುವ,
ಪುಂಡರೀಕಾಕ್ಷ


ಕೋಪರಖೈರಣೆ
6 ಜುಲೈ 2024

ಅಪ್ಪ,

ಪೀಟ್ ಏನೆಂದು ನನಗೆ ಗೊತ್ತಿದೆ. ನಿಮ್ಮ ತರಗತಿಯಲ್ಲಿ ಕೂತು ಪಾಸಾದವಳು ನಾನು. ಮಗಳೆಂದು ಒಂದು ಅಂಕ ಹೆಚ್ಚು ಬೀಳಬಾರದು ಎಂದು ನೀವು ನನ್ನ ಉತ್ತರಪತ್ರಿಕೆಯನ್ನು ಎರಡು ಸಲ ತಿದ್ದಿ, ಎರಡನೆಯ ಸಲ ಕಡಿಮೆ ಮಾಡಿದ್ದು ನೆನಪಿದೆಯೇ?

ಮೊದಲು ನಾನು ತೆಂಗಿನ ನಾರಿನ ಪುಡಿಯನ್ನೇ ಬಳಸುತ್ತಿದ್ದೆ. ಹೋದ ವರ್ಷ ಬಂದ ಲೋಡಿನಲ್ಲಿ ಉಪ್ಪು ಇತ್ತು. ಚೆಂಡುಹೂವಿನ ಸಸಿಗಳ ಎಲೆಯ ಅಂಚು ಸುಟ್ಟು, ವಾರದಲ್ಲಿ ಟ್ರೇ ಟ್ರೇಯೇ ಮಲಗಿದವು. ತೊಳೆದು ಬಳಸಬೇಕಿತ್ತು ಎನ್ನುತ್ತೀರಿ. ಅದನ್ನು ತೊಳೆಯಲು ಟ್ಯಾಂಕರಿನ ಮೇಲೆ ಟ್ಯಾಂಕರ್ ನೀರು ಬೇಕು. ಮೇ ತಿಂಗಳಲ್ಲಿ ಇಲ್ಲಿನ ಹೆಂಗಸರು ಹಂಡೆ ಹಿಡಿದು ನಿಂತಿರುವಾಗ, ಅವರ ಕಣ್ಣೆದುರು ನಾನು ತೆಂಗಿನ ಪುಡಿ ತೊಳೆಯಲೇ? ವಾಶಿ ಮಾರ್ಕೆಟಿನಿಂದ ತರಕಾರಿ ಕಸ ತರಿಸಿ ಗೊಬ್ಬರ ಮಾಡಿದೆ. ವಾಸನೆ ಎಂದು ಪಕ್ಕದ ಹೌಸಿಂಗ್ ಸೊಸೈಟಿಯವರು ದೂರು ಕೊಟ್ಟರು. ಪೀಟ್ ತಂದ ಮೇಲೆ ನನ್ನ ಸಸಿ ಸಾಯಲಿಲ್ಲ. ಗಿರಾಕಿಗಳಿಗೂ ಭಾರವಿಲ್ಲದ ಕುಂಡ ಬೇಕು, ಲಿಫ್ಟಿನಲ್ಲಿ ಒಯ್ಯಲು.

ಆದರೂ ಜವುಗಿನ ಬಗ್ಗೆ ನೀವು ಬರೆದದ್ದು ಸರಿ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ನನಗೆ ಎರಡು ವರ್ಷ ಬೇಕು. ಅರ್ಧಕ್ಕರ್ಧ ಬೆರೆಸುತ್ತ, ಕಡಿಮೆ ಮಾಡುತ್ತ ಬಿಡುತ್ತೇನೆ. ನೀವು ವಾರಕ್ಕೊಮ್ಮೆ ಬಂದು ಕೂತು, ಯಾವುದನ್ನು ಎಷ್ಟು ಬೆರೆಸಿದರೆ ಸಸಿ ಬದುಕುತ್ತದೆ ಎಂದು ನೋಡಿ ಹೇಳಿದರೆ ಬೇಗ ಆಗುತ್ತದೆ. ಅಮ್ಮ ಹೋದ ಮೇಲೆ ನಾವಿಬ್ಬರೂ ಒಂದು ಕೆಲಸ ಅಂತ ಜೊತೆಯಾಗಿ ಮಾಡಿಲ್ಲ.

ಅಮ್ಮ ಆಸ್ಪತ್ರೆಯಲ್ಲಿದ್ದಾಗ ನೀವು ದಿನವೂ ಬಂದು ಅವಳ ಕಾಯಿಲೆ ಏನೆಂದು ಅವಳಿಗೇ ವಿವರಿಸುತ್ತಿದ್ದಿರಿ. ಕೈ ಹಿಡಿದದ್ದನ್ನು ನಾನು ನೋಡಲಿಲ್ಲ. ನನಗೂ ಹಾಗೇ ಮಾಡಬೇಡಿ. ವಿವರಣೆ ಸಾಕು, ಬನ್ನಿ.

ಅಶ್ಮಿತಾ


ಡೊಂಬಿವಲಿ
24 ಆಗಸ್ಟ್ 2024

ಅಶ್ಮಿತಾ,

ಪ್ರಶ್ನೆಪತ್ರಿಕೆ ಕೈಗೆ ಬಂದ ಮೇಲೆ ಸಮಯ ಕೇಳುವ ವಿದ್ಯಾರ್ಥಿಗಳನ್ನು ಬೇಕಾದಷ್ಟು ನೋಡಿದ್ದೇನೆ. ಅವರಲ್ಲಿ ಒಬ್ಬನೂ ಪಾಸಾಗಲಿಲ್ಲ.

ನಾನು ಬಂದು ಮಣ್ಣು ಕಲಸಿಕೊಡಬೇಕೆಂದು ಬರೆದಿದ್ದೀ. ಅದಕ್ಕೆ ಆಳು ಸಿಗುತ್ತಾರೆ.

ನಿನ್ನ ಅಮ್ಮನ ಕೈಯನ್ನು ನಾನು ನೀನು ಹುಟ್ಟುವ ಮೊದಲಿನಿಂದ ಹಿಡಿದಿದ್ದೆ. ನೀನು ನೋಡಿದ್ದು ಕೊನೆಯ ಕೆಲವು ದಿನಗಳನ್ನು. ಜಯಲತಾಳ ವಿಷಯವನ್ನು ಇನ್ನು ಮುಂದೆ ಪತ್ರದಲ್ಲಿ ತರಬೇಡ. ಅವಳು ನನ್ನ ಹೆಂಡತಿ, ನಿನ್ನ ವಾದಕ್ಕೆ ಸಾಕ್ಷಿಯಲ್ಲ.

ಕಳೆದ ಭಾನುವಾರ ನಮ್ಮ ಕನ್ನಡ ಪತ್ರಿಕೆಯ ಪುರವಣಿಯಲ್ಲಿ ಪೀಟ್ ನೆಲಗಳ ಬಗ್ಗೆ ನನ್ನ ಲೇಖನ ಬಂದಿದೆ. ನಿನ್ನ ಹೆಸರು ಹಾಕಿಲ್ಲ. ‘ಕೋಪರಖೈರಣೆಯಲ್ಲಿ ನರ್ಸರಿ ನಡೆಸುವ ನಮ್ಮ ಕರಾವಳಿಯ ಹೆಣ್ಣುಮಗಳೊಬ್ಬಳು, ಸಸ್ಯಶಾಸ್ತ್ರದ ಅಧ್ಯಾಪಕರೊಬ್ಬರ ಮಗಳು’ ಎಂದಷ್ಟೇ ಬರೆದಿದ್ದೇನೆ. ಓದಿದವರು ಬಹಳ ಮಂದಿ ಫೋನ್ ಮಾಡಿದರು. ತಂದೆಯಾಗಿಯೂ ನೀವು ಮುಲಾಜು ನೋಡಲಿಲ್ಲವಲ್ಲ ಎಂದು ಹೊಗಳಿದರು. ನನಗೆ ಹೊಗಳಿಕೆ ಬೇಕಿಲ್ಲ. ಆದರೆ ಅದು ನಿಜವಾದ್ದರಿಂದ ಬೇಡವೆಂದೂ ಹೇಳಲಿಲ್ಲ.

ಪ್ರತಿಯನ್ನು ಪೂಜಿತಾಳ ಕೈಯಲ್ಲಿ ಕೊಟ್ಟಿದ್ದೇನೆ. ಓದಿ ನೋಡು.

ಪುಂಡರೀಕಾಕ್ಷ


ಕೋಪರಖೈರಣೆ
14 ಸೆಪ್ಟೆಂಬರ್ 2024

ಅಪ್ಪ,

ಪ್ರತಿಯನ್ನು ನೀವು ಕಳುಹಿಸಬೇಕಾಗಿರಲಿಲ್ಲ. ವಾಶಿಯ ಹೋಟೆಲಿನ ಮೋಹನದಾಸಣ್ಣ ಅದನ್ನು ಕತ್ತರಿಸಿ ಗಲ್ಲಾದ ಗಾಜಿನ ಕೆಳಗೆ ಇಟ್ಟುಕೊಂಡಿದ್ದರು. ಪ್ರತಿ ಚೌತಿಗೆ ಅವರ ಹೋಟೆಲಿನ ಗಣಪತಿಗೆ ಸುತ್ತ ಜೋಡಿಸುವ ಗಿಡಗಳೆಲ್ಲ ನನ್ನಿಂದಲೇ ಹೋಗುತ್ತಿದ್ದವು. ಈ ಸಲ ಬೇಡ ಎಂದರು. ನಾನು ಕಾರಣ ಕೇಳಲಿಲ್ಲ, ಅವರೇ ಹೇಳಿದರು. "ನಿಮ್ಮ ತಂದೆಯವರೇ ಹಾಗೆ ಬರೆದ ಮೇಲೆ ನಾವು ಹೇಳುವುದು ಎಂತ ಉಂಟು ಮಾರಾಯ್ತಿ? ಜನ ನೋಡ್ತಾರಲ್ಲ." ನಂತರ ಚಹಾ ಕುಡಿದು ಹೋಗು ಎಂದರು. ಕುಡಿದೆ. ಅವರು ಗಿಡಗಳನ್ನು ಬೇರೆ ಕಡೆಯಿಂದ ತರಿಸಿದರು. ಅವೂ ಪೀಟಿನಲ್ಲೇ ಬೆಳೆದವು, ಎಲೆ ನೋಡಿದರೆ ನನಗೆ ಗೊತ್ತಾಗುತ್ತದೆ.

ನಾನು ನಿಮ್ಮನ್ನು ಏನೂ ಕೇಳುವುದಿಲ್ಲ, ಒಂದನ್ನು ಬಿಟ್ಟು. ಪೂಜಿತಾಳನ್ನು ಇದರೊಳಗೆ ಎಳೆಯಬೇಡಿ. ಅವಳಿಗೆ ಈ ವರ್ಷ ಹತ್ತನೆಯ ತರಗತಿ. ಅವಳಿಗೆ ನಿಮ್ಮ ಮೇಲೆ ಪ್ರೀತಿಯಿದೆ. ಶನಿವಾರ ಬರುತ್ತದೆ ಎಂದು ಗುರುವಾರದಿಂದಲೇ ಬ್ಯಾಗ್ ಹೊಂದಿಸುತ್ತಾಳೆ. ಅದಕ್ಕಾಗಿ ಅವಳನ್ನು ಈಗಲೂ ಕಳುಹಿಸುತ್ತಿದ್ದೇನೆ.

ಅಶ್ಮಿತಾ


ಡೊಂಬಿವಲಿ
22 ಡಿಸೆಂಬರ್ 2024

ಅಶ್ಮಿತಾ,

ನಿನ್ನೆ ವಾಶಿಯ ಪುಷ್ಪ ಪ್ರದರ್ಶನದಲ್ಲಿ ನಾನು ಮುಂದಿನ ಸಾಲಿನಲ್ಲಿ ಕೂತದ್ದನ್ನು ನೀನು ನೋಡಿದೆ, ನಾನು ನಿನ್ನನ್ನು ನೋಡಿದೆ. ಮಾತಾಡುವ ಪ್ರಸಂಗ ಬರಲಿಲ್ಲ. ಆದ್ದರಿಂದ ಬರೆದು ಅಂಚೆಗೆ ಹಾಕುತ್ತಿದ್ದೇನೆ.

ಪೂಜಿತಾ ಶಾಲೆಯ ಪರವಾಗಿ ಮಾಡಿದ ಪ್ರಾಜೆಕ್ಟಿಗೆ ನಾನು ಕೊಟ್ಟದ್ದು ಪುಸ್ತಕಗಳನ್ನು ಮಾತ್ರ. ಉಳಿದದ್ದನ್ನು ಅವಳೇ ಆರಿಸಿಕೊಂಡಳು. ಫೋಟೋಗಳನ್ನೂ. ನಿನ್ನ ಶೆಡ್ಡಿನ ಮೂಟೆಗಳ ಚಿತ್ರ ಪರದೆಯ ಮೇಲೆ ಬಂದಾಗ ಸಭೆಯಲ್ಲಿ ಗುಜುಗುಜು ಎದ್ದಿತು. ಆಗ ಅವಳು ಮೈಕಿನ ಹತ್ತಿರ ಬಾಗಿ, ಒಂದಿಷ್ಟೂ ತಡವರಿಸದೆ, "ಯೇ ಮೇರೀ ಮಮ್ಮೀ ಕೀ ನರ್ಸರೀ ಹೈ, ಮಮ್ಮೀ ವಹಾಂ ಖಡೀ ಹೈ" ಎಂದು ನಿನ್ನ ಮಳಿಗೆಯ ಕಡೆ ಕೈ ತೋರಿಸಿದಳು. ಅಷ್ಟೂ ಜನ ತಿರುಗಿ ನೋಡಿದರು. ನೀನು ಕೈಯಲ್ಲಿ ಒಂದು ಕುಂಡ ಹಿಡಿದುಕೊಂಡಿದ್ದೆ. ಅದನ್ನು ಕೆಳಗಿಡಬೇಕೋ ಬೇಡವೋ ಎಂದು ನಿನಗೆ ತಿಳಿಯಲಿಲ್ಲ.

ಹಿಂದಿಯಲ್ಲಿ ಹೇಳಿದ್ದು ಒಂದೇ ಕೊರತೆ. ಉಳಿದಂತೆ ಅವಳ ಮಾತು ಸ್ಪಷ್ಟವಾಗಿತ್ತು, ಅಂಕಿಅಂಶಗಳಲ್ಲಿ ತಪ್ಪಿರಲಿಲ್ಲ. ಮೊದಲ ಬಹುಮಾನ ಬಂತು. ನಿವೃತ್ತಿಯಾದ ಮೇಲೆ ನನಗೆ ಇಷ್ಟು ಸಂತೋಷವಾದ ದಿನ ಇನ್ನೊಂದಿಲ್ಲ.

ನೀನು ಅವಳನ್ನು ಬೈಯಬಾರದು. ನಿಜ ಹೇಳಿದ ಮಗುವನ್ನು ಬೈಯುವ ಅಧಿಕಾರ ತಾಯಿಗೂ ಇಲ್ಲ.

ಪುಂಡರೀಕಾಕ್ಷ


ಕೋಪರಖೈರಣೆ
29 ಡಿಸೆಂಬರ್ 2024

ಅಪ್ಪ,

ಈ ಪತ್ರದ ಜೊತೆ ಪೂಜಿತಾ ಬರುತ್ತಿದ್ದಾಳೆ. ಬಟ್ಟೆ, ಪುಸ್ತಕ ಎಲ್ಲ ತಂದಿದ್ದಾಳೆ.

ನಾನು ಅವಳನ್ನು ಬೈಯಲಿಲ್ಲ. ಪ್ರದರ್ಶನದ ಮರುದಿನ ಎರಡು ಸೊಸೈಟಿಗಳು ಹೊಸ ವರ್ಷಕ್ಕೆಂದು ಹೇಳಿದ್ದ ಸಸಿಗಳನ್ನು ಬೇಡವೆಂದವು. ಅದರ ಮಾರನೆಯ ಬೆಳಿಗ್ಗೆ ಅವಳನ್ನು ಶೆಡ್ಡಿಗೆ ಕರೆದುಕೊಂಡು ಹೋದೆ. ಟ್ರೇಗಳು ಉದ್ದಕ್ಕೂ ಇದ್ದವು, ಹೂ ಬಿಡಲು ಇನ್ನು ಕೆಲವೇ ದಿನ. ಇವು ಯಾರಿಗೂ ಬೇಡ, ಕಿತ್ತು ರಾಶಿಗೆ ಹಾಕು ಎಂದೆ. ಆಳುಗಳು ಮಾಡುತ್ತಾರಲ್ಲ ಎಂದಳು. ನೀನೇ ಮಾಡಬೇಕು, ಇದು ನಿನ್ನದೇ ಪ್ರಾಜೆಕ್ಟ್ ಎಂದೆ.

ಮೊದಲ ಟ್ರೇಯನ್ನು ಅವಳು ಮೆಲ್ಲಗೆ ಕಿತ್ತಳು, ಬೇರಿಗೆ ಪೆಟ್ಟಾಗಬಾರದು ಎಂಬಂತೆ. ಮೂರನೆಯದಕ್ಕೆ ಬರುವಾಗ ಅಳುತ್ತಿದ್ದಳು. "ಮಮ್ಮೀ, ಸಾಕು" ಎಂದಳು. ಇನ್ನೂ ಉಂಟು ಎಂದೆ. ಮಧ್ಯಾಹ್ನದವರೆಗೆ ಕಿತ್ತಳು. ಉಗುರಿನ ಸಂದಿಯೆಲ್ಲ ಕಪ್ಪಾಗಿತ್ತು. ನಾನು ಅಷ್ಟು ಹೊತ್ತೂ ಎದುರಿಗೇ ನಿಂತು ಅವಳನ್ನೇ ನೋಡುತ್ತಿದ್ದೆ. ನನ್ನ ಎದೆ ಒಡೆಯಿತು ಎಂದು ಬರೆದರೆ ನೀವು ನಂಬುವುದಿಲ್ಲ, ಆದ್ದರಿಂದ ಬರೆಯುವುದಿಲ್ಲ.

ಆಮೇಲೆ ಐದು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ನಿನ್ನೆ ಅಜ್ಜನ ಮನೆಯಲ್ಲೇ ಇರುತ್ತೇನೆ ಎಂದಳು. ಹೋಗು ಎಂದೆ. ಅನೀಶ ಬಾಗಿಲಿಗೆ ಅಡ್ಡ ನಿಂತರು. ನಾನೇ ಸರಿಸಿದೆ.

ಇಟ್ಟುಕೊಳ್ಳಿ. ಜವುಗನ್ನು ಉಳಿಸುವುದು ನಿಮಗೆ ಗೊತ್ತಿದೆ. ಜೀವ ಇರುವ ಒಂದನ್ನು ದಿನಾ ನೋಡಿಕೊಳ್ಳುವುದು ಹೇಗೆಂದು ಈಗ ತಿಳಿಯಲಿ.

ಅಶ್ಮಿತಾ


ಡೊಂಬಿವಲಿ
2 ಮಾರ್ಚ್ 2025

ಅಶ್ಮಿತಾ,

ಪೂಜಿತಾಳ ಪರೀಕ್ಷೆ ನಡೆಯುತ್ತಿದೆ. ಡೊಂಬಿವಲಿಯಿಂದ ಥಾಣೆಗೆ, ಅಲ್ಲಿಂದ ಗಾಡಿ ಬದಲಿಸಿ ಕೋಪರಖೈರಣೆಗೆ ಅವಳೇ ಹೋಗಿಬರುತ್ತಾಳೆ. ಮೊದಲ ದಿನ ನಾನು ಸ್ಟೇಷನ್ನಿನವರೆಗೆ ಹೋಗಿದ್ದೆ. ಆ ನೂಕುನುಗ್ಗಲಿನಲ್ಲಿ ನನಗೆ ಆಗುವುದಿಲ್ಲ.

ಅವಳನ್ನು ನೀವು ಸರಿಯಾಗಿ ಬೆಳೆಸಿಲ್ಲ. ದೀಪ ಆರಿಸುವುದಿಲ್ಲ. ಒಂದು ಪುಸ್ತಕವನ್ನು ಪೂರ್ತಿ ಓದುವುದಿಲ್ಲ. ನಾನು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ. ಊಟಕ್ಕೆ ಕೂತಾಗ ಏನಾದರೂ ಮಾತಾಡಿ ಅಜ್ಜ ಎನ್ನುತ್ತಾಳೆ. ಪೀಟ್ ನೆಲಗಳ ಬಗ್ಗೆ ಕನ್ನಡದಲ್ಲಿ ಒಂದು ಪುಸ್ತಕ ಬರೆಯಲು ಹಿಡಿದಿದ್ದೇನೆ. ದಿನಕ್ಕೆ ಎರಡು ಪುಟವೂ ಆಗುತ್ತಿಲ್ಲ.

ಒಂದು ಸಂಗತಿ ನಿನಗೆ ತಿಳಿಸಬೇಕು. ಅವಳ ಕೋಣೆಯ ಕಿಟಕಿಯಲ್ಲಿ, ಹಲ್ಲುಜ್ಜುವ ಮಗ್ಗಿನೊಳಗೆ, ಒಂದು ಪೆಟೂನಿಯಾ ಗಿಡ ಇತ್ತು. ನಿನ್ನ ಶೆಡ್ಡಿನಲ್ಲಿ ಕಿತ್ತವುಗಳಲ್ಲಿ ಒಂದನ್ನು ಬ್ಯಾಗಿನಲ್ಲಿ ಮುಚ್ಚಿಟ್ಟು ತಂದಿದ್ದಾಳೆ. ನೇರಳೆ ಬಣ್ಣದ ಎರಡು ಹೂ ಬಿಟ್ಟಿತ್ತು. ಬೆರಳಿನಿಂದ ಕೆದಕಿ ನೋಡಿದರೆ ಅದೇ ಪೀಟ್. ನನ್ನ ಮನೆಯೊಳಗೆ.

ನಾನು ಕೂಗಾಡಲಿಲ್ಲ. ಅವಳನ್ನು ಕರೆದು ಪೇಪರ್ ಹಾಸಿ, ಗಿಡವನ್ನು ಅದರ ಮೇಲೆ ಮಗುಚಿದೆ. ಬೇರುಗಳನ್ನು ಬಿಡಿಸಿ ತೋರಿಸಿದೆ. ಮೈಕಿನಲ್ಲಿ ಹೇಳಿದ್ದನ್ನು ಮನೆಯಲ್ಲಿ ಪಾಲಿಸದಿದ್ದರೆ ಅದು ಬರೀ ನಾಟಕ ಎಂದು ವಿವರಿಸಿದೆ. ಅವಳು ಗಿಡವನ್ನು ಬೇರೆ ಮಣ್ಣಿಗಾದರೂ ಹಾಕಬಹುದಲ್ಲ ಎಂದಳು. ಅದು ಪ್ರಶ್ನೆಯಲ್ಲ ಎಂದೆ. ಪೇಪರನ್ನು ಮಡಚಿ ಕಸದ ಡಬ್ಬಿಗೆ ಹಾಕಿದೆ. ಅದು ಕಳೆದ ತಿಂಗಳ ಮಾತು. ಆಮೇಲೆ ಊಟಕ್ಕೆ ಕೂತಾಗ ಅವಳು ಮಾತಾಡಿ ಎನ್ನುವುದಿಲ್ಲ. ಮನೆಯಲ್ಲಿ ಶಾಂತಿಯಿದೆ, ಬರವಣಿಗೆ ಸ್ವಲ್ಪ ಸಾಗುತ್ತಿದೆ.

ಪುಂಡರೀಕಾಕ್ಷ


ಕೋಪರಖೈರಣೆ
5 ಏಪ್ರಿಲ್ 2025

ಅಪ್ಪ,

ಗಿಡದ ವಿಷಯ ಓದಿದ ದಿನವೇ ಅನೀಶರನ್ನು ಅವಳ ಪರೀಕ್ಷೆಯ ಕೇಂದ್ರಕ್ಕೆ ಕಳುಹಿಸಿದ್ದೆ, ಕರೆದುಕೊಂಡು ಬರಲಿ ಎಂದು. ಗೇಟಿನ ಹತ್ತಿರವೇ ಅವಳು, "ಯಾನ್ ಬರ್ಪುಜಿ ಪಪ್ಪಾ" ಎಂದಳಂತೆ. ನಮ್ಮ ಮನೆಯಲ್ಲಿ ತುಳುವಿನಲ್ಲಿ ಮಾತಾಡು ಎಂದು ಎಷ್ಟು ಹೇಳಿದರೂ ಆಡದವಳು, ಬರುವುದಿಲ್ಲ ಎನ್ನಲು ತುಳುವನ್ನೇ ಹುಡುಕಿಕೊಂಡಳು. ಅವರು ಅದನ್ನು ಹೇಳುವಾಗ ಅಡುಗೆಮನೆಯಲ್ಲಿ ನಿಂತು ಅತ್ತರು. ಆಮೇಲೆ ಅವರೂ ನನ್ನ ಜೊತೆ ಹೆಚ್ಚು ಮಾತಾಡುತ್ತಿಲ್ಲ.

ನರ್ಸರಿ ಮುಚ್ಚಿದೆ. ಶೆಡ್, ಹಸಿರು ಬಲೆ, ಟ್ರೇ, ಉಳಿದ ಮೂಟೆಗಳು, ಎಲ್ಲವನ್ನೂ ಘಣಸೋಲಿಯ ಒಬ್ಬರು ತೆಗೆದುಕೊಂಡರು. ಅವರದು ದೊಡ್ಡ ವ್ಯಾಪಾರ. ಮೂಟೆಗಳನ್ನು ನೋಡಿ, ಇಷ್ಟೇ ಇದೆಯೇ, ನಮಗೆ ಇದು ಒಂದು ವಾರಕ್ಕೆ ಸಾಲದು ಎಂದರು. ಅವರಿಗೆ ಕಂಟೇನರುಗಟ್ಟಲೆ ಬರುತ್ತದೆ. ಅವರ ತಂದೆ ಪತ್ರಿಕೆಗೆ ಬರೆಯುವವರಲ್ಲ.

ನಾನು ಬಿಟ್ಟದ್ದರಿಂದ ಲಾಟ್ವಿಯಾದಲ್ಲಿ ಒಂದು ಬುಟ್ಟಿ ಪಾಚಿಯೂ ಉಳಿದಿಲ್ಲ. ಇದನ್ನು ನಿಮ್ಮ ಪುಸ್ತಕದಲ್ಲಿ ಸೇರಿಸಿಕೊಳ್ಳಿ.

ಮೂಟೆಗಳು ಹೋದ ದಿನ ಬರುತ್ತೇನೆ ಎಂದಿದ್ದಿರಿ. ಹೋಗಿವೆ. ಬರಬೇಡಿ.

ಅಶ್ಮಿತಾ


ಡೊಂಬಿವಲಿ
18 ಮೇ 2025

ಅಶ್ಮಿತಾ,

ಪೂಜಿತಾಳ ಫಲಿತಾಂಶ ನಿನಗೂ ತಿಳಿದಿರಬೇಕು. ವಿಜ್ಞಾನದಲ್ಲಿ ಪಾಸಾದದ್ದೇ ಹೆಚ್ಚು. ನನ್ನ ಮನೆಯಲ್ಲಿ, ನನ್ನ ಪುಸ್ತಕಗಳ ನಡುವೆ ಕೂತು ಇಷ್ಟು. ಆ ದಿನ ಪ್ರದರ್ಶನದಲ್ಲಿ ಅವಳು ಹೇಳಿದ್ದೆಲ್ಲ ಬಾಯಿಪಾಠ ಎಂದು ಈಗ ಗೊತ್ತಾಯಿತು. ಅದನ್ನು ಅವಳಿಗೆ ಹೇಳಿದೆ. ನಿನ್ನಲ್ಲಿ ನನ್ನದೇನೋ ಇದೆ ಎಂದುಕೊಂಡಿದ್ದೆ, ನೀನು ನಿನ್ನ ಅಮ್ಮನ ಮಗಳೇ ಎಂದೆ. ಅವಳು ಅಳಲಿಲ್ಲ. ಬ್ಯಾಗಿಗೆ ಬಟ್ಟೆ ತುಂಬಲು ಶುರುಮಾಡಿದಳು. ಒಂದು ರೀತಿಯಲ್ಲಿ ಅನುಕೂಲವೇ ಆಯಿತು, ನಾನೇ ಹೇಳಬೇಕೆಂದಿದ್ದೆ. ಪುಸ್ತಕ ದೀಪಾವಳಿಯೊಳಗೆ ಮುಗಿಯಬೇಕು.

ಇವತ್ತು ಬೆಳಿಗ್ಗೆ ಥಾಣೆಯ ಸ್ಲೋ ಗಾಡಿಗೆ ಹತ್ತಿಸಿದ್ದೇನೆ. ನೀನು ಈ ಪತ್ರ ಓದುವ ಹೊತ್ತಿಗೆ ಅವಳು ನಿನ್ನ ಮನೆಯಲ್ಲಿರುತ್ತಾಳೆ.

ಪುಂಡರೀಕಾಕ್ಷ


ಕೋಪರಖೈರಣೆ
21 ಮೇ 2025

ಅಪ್ಪ,

ಅವಳು ಇಲ್ಲಿಗೆ ಬಂದಿಲ್ಲ. ಕಲ್ಯಾಣದಲ್ಲಿ ಅನೀಶರ ಅಕ್ಕ ಅಮಿತಾಳ ಮನೆಯಲ್ಲಿದ್ದಾಳೆ. ಅಮಿತಾ ಅದೇ ಸಂಜೆ ಫೋನ್ ಮಾಡಿದರು. ನೀವು ಮೂರು ದಿನದಲ್ಲಿ ಒಮ್ಮೆಯೂ ಅವಳು ತಲುಪಿದಳೇ ಎಂದು ಕೇಳಲಿಲ್ಲ.

ಅ.


ಕಲ್ಯಾಣ
21 ಜೂನ್ 2025

ಅಜ್ಜ, ಅಮ್ಮ,

ಒಂದೇ ಪತ್ರವನ್ನು ಎರಡು ಸಲ ಬರೆದಿದ್ದೇನೆ. ನಿಮಗೊಂದು, ನಿನಗೊಂದು.

ನನಗೆ ಕನ್ನಡ ಓದಲು ಬರುತ್ತದೆ, ಬರೆಯಲು ಸರಿಯಾಗಿ ಬರುವುದಿಲ್ಲ. ನಾನು ಹಿಂದಿಯಲ್ಲಿ ಹೇಳಿದ್ದನ್ನು ಅಮಿತಾ ಅತ್ತೆ ಕನ್ನಡದಲ್ಲಿ ಬರೆದುಕೊಟ್ಟರು. ಅದನ್ನು ನೋಡಿ ಬರೆಯುತ್ತಿದ್ದೇನೆ. ಕೆಲವು ಕಡೆ ಅತ್ತೆ ಮಾತನ್ನು ಮೆತ್ತಗೆ ಮಾಡಲು ನೋಡಿದರು. ನಾನು ಬಿಡಲಿಲ್ಲ.

ಆ ದಿನ ಅಜ್ಜ ಗಾಡಿ ಹತ್ತಿಸಿ ಹೋದರು. ಗಾಡಿ ಬಿಡುವವರೆಗೆ ನಿಲ್ಲಲಿಲ್ಲ. ನಾನು ಮುಂದಿನ ಸ್ಟೇಷನ್ ಕೋಪರ್‌ನಲ್ಲಿ ಇಳಿದು ಕಲ್ಯಾಣದ ಕಡೆಯ ಗಾಡಿ ಹಿಡಿದೆ. ಹೋಗಲು ನನಗೆ ಇನ್ನೊಂದು ಮನೆ ಇದೆಯೇ ಎಂದು ಆಗಲೇ ಯೋಚಿಸಿದ್ದು.

ನಿಮ್ಮ ಪತ್ರಗಳನ್ನು ನಾನು ಓದಿದ್ದೇನೆ. ಕೈಯಲ್ಲಿ ಕೊಟ್ಟದ್ದನ್ನು ಗಾಡಿಯಲ್ಲಿ ಓದುತ್ತಿದ್ದೆ, ಅಂಚೆಯಲ್ಲಿ ಬಂದದ್ದನ್ನು ಮನೆಯಲ್ಲಿ. ಯಾರೂ ಮುಚ್ಚಿಡಲಿಲ್ಲ. ಅಜ್ಜಿ ಅಕ್ಷರ ಮಾತ್ರ ಕಲಿಸಿದ್ದರು. ಉಳಿದ ಕನ್ನಡ ನಿಮ್ಮ ಜಗಳದಿಂದ ಬಂತು.

ಅಜ್ಜ, ನೀವು ಪುಸ್ತಕ ಮಾತ್ರ ಕೊಟ್ಟೆ ಎಂದು ಬರೆದಿರಿ. ಅಮ್ಮನ ಶೆಡ್ಡಿನ ಫೋಟೋ ತೆಗೆದು ತಾ ಎಂದದ್ದು ನೀವು. ಮೈಕಿನಲ್ಲಿ ಹಾಗೆ ಹೇಳಿ ಕೈ ತೋರಿಸು, ಭಯಪಡಬೇಡ ಎಂದು ಮನೆಯ ಹಾಲ್‌ನಲ್ಲಿ ನಿಲ್ಲಿಸಿ ಅಭ್ಯಾಸ ಮಾಡಿಸಿದ್ದು ನೀವು. ನಾನು ಹೇಳಿದ್ದು ನಿಮಗೆ ಖುಷಿಯಾಗಲಿ ಎಂದು.

ಅಮ್ಮ, ನಾನು ಸಸಿ ಕೀಳುವಾಗ ಎದುರಿಗೇ ನಿಂತು ನೋಡುತ್ತಿದ್ದೆ ಎಂದು ಬರೆದಿದ್ದೀ. ನೀನು ನೋಡುತ್ತಿರಲಿಲ್ಲ. ಗೇಟಿನ ಹತ್ತಿರ ಯಾರೊಡನೆಯೋ ಫೋನಿನಲ್ಲಿ ಮಾತಾಡುತ್ತಿದ್ದೆ. ಒಂದು ಸಲ ನಕ್ಕೆ. ಅದು ನನಗೆ ಕೇಳಿಸಿತು.

ಪೀಟ್ ಬಗ್ಗೆ ಅಜ್ಜ ಹೇಳಿದ್ದು ಎಲ್ಲ ನಿಜ. ನನಗೆ ಅದು ಗೊತ್ತು. ಅದಕ್ಕೇ ಹೆಚ್ಚು ಸಿಟ್ಟು ಬರುತ್ತದೆ. ಮೊದಲು ಆ ಜವುಗಿನ ಫೋಟೋ ನೋಡಿದಾಗ, ದೊಡ್ಡವಳಾದ ಮೇಲೆ ಅಲ್ಲಿಗೆ ಹೋಗಿ ಅದರ ಮೇಲೆ ನಡೆಯಬೇಕು ಎನಿಸಿತ್ತು. ಸ್ಪಂಜಿನ ಹಾಗೆ ಇರುತ್ತದೆ ಎಂದು ಓದಿದ್ದೆ. ಈಗ ಟಿವಿಯಲ್ಲಿ ಗಿಡ, ನೆಲ ಎಂದು ಯಾರಾದರೂ ಹೇಳಿದರೆ ನಾನು ಎದ್ದು ಹೋಗುತ್ತೇನೆ. ಇಲ್ಲಿ ಕಾಮರ್ಸ್ ತೆಗೆದುಕೊಳ್ಳುತ್ತಿದ್ದೇನೆ.

ನೀವಿಬ್ಬರೂ ನನ್ನನ್ನು ನೋಡಲು ಬರಬೇಡಿ. ಪಪ್ಪಾ ಬರಬಹುದು.

ಅಮ್ಮ, ಹೋದ ಭಾನುವಾರ ನೀನು ಬಂದಾಗ ನಾನು ಮನೆಯಲ್ಲಿಲ್ಲ ಎಂದು ಅತ್ತೆ ಹೇಳಿದರಲ್ಲ, ನಾನು ಮನೆಯಲ್ಲೇ ಇದ್ದೆ. ಹೇಳಿಸಿದ್ದು ನಾನೇ. ನೀನು ಕೆಳಗೆ ತುಂಬಾ ಹೊತ್ತು ನಿಂತಿದ್ದೆ. ಮಳೆ ಬಂತು. ನಿನ್ನ ಹತ್ತಿರ ಕೊಡೆ ಇರಲಿಲ್ಲ. ಕಿಟಕಿಯಿಂದ ನೋಡುತ್ತಿದ್ದೆ. ನನಗೆ ಚೆನ್ನಾಗಿ ಅನಿಸಿತು.

ಪೂಜಿತಾ


ಡೊಂಬಿವಲಿ
9 ನವೆಂಬರ್ 2025

ಪೂಜೀ,

ಬರಬೇಡ ಎಂದಿದ್ದೀ, ಬಂದಿಲ್ಲ. ಬರೆಯಬೇಡ ಎಂದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ನಾನು ಈಗ ಅಜ್ಜನ ಮನೆಯಲ್ಲಿದ್ದೇನೆ. ಸೆಪ್ಟೆಂಬರಿನಲ್ಲಿ ಅವರು ಬಚ್ಚಲಮನೆಯಲ್ಲಿ ಬಿದ್ದದ್ದು, ಬಲಭಾಗದ ಸ್ವಾಧೀನ ಹೋದದ್ದು ಪಪ್ಪಾ ಹೇಳಿರಬೇಕು. ಮಾತೂ ಹೋಗಿದೆ. ಗಂಟಲಿನಿಂದ ಒಂದು ಸದ್ದು ಬರುತ್ತದೆ, ಅಷ್ಟೆ. ಅವರ ಪುಸ್ತಕ ಅರ್ಧಕ್ಕೆ ನಿಂತಿದೆ. ನೋಡಿಕೊಳ್ಳಲು ಯಾರೂ ಇರಲಿಲ್ಲ. ನನಗೂ ಮಾಡಲು ಬೇರೆ ಕೆಲಸವಿರಲಿಲ್ಲ. ಪಪ್ಪಾ ಕೋಪರಖೈರಣೆಯಲ್ಲೇ ಉಳಿದಿದ್ದಾರೆ. ಅವರನ್ನು ನಾನು ಕರೆಯಲಿಲ್ಲ, ಅವರೂ ಬರುತ್ತೇನೆ ಎನ್ನಲಿಲ್ಲ.

ಅಜ್ಜನನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದೇನೆ. ಮೈ ಒರೆಸುತ್ತೇನೆ, ಹೊರಳಿಸಿ ಮಲಗಿಸುತ್ತೇನೆ, ಬೆನ್ನಿನಲ್ಲಿ ಒಂದು ಹುಣ್ಣಿಲ್ಲ. ಗಂಜಿಯನ್ನು ಚಮಚದಲ್ಲಿ ಕುಡಿಸುತ್ತೇನೆ. ಅವರಿಗೆ ಎಲ್ಲ ಕೇಳಿಸುತ್ತದೆ, ಎಲ್ಲ ಅರ್ಥವಾಗುತ್ತದೆ, ಏನಾದರೂ ಓದಿ ಹೇಳುತ್ತಿರಿ ಎಂದು ಡಾಕ್ಟರ್ ಹೇಳಿದರು. ಮೊದಲು ಪೇಪರ್ ಓದುತ್ತಿದ್ದೆ. ಆಮೇಲೆ ಅವರು ಬರೆದ ಹಾಳೆಗಳನ್ನೇ ಓದೋಣ ಎಂದು ಮೇಜಿನ ಖಾನೆ ತೆಗೆದೆ. ಅಲ್ಲಿ ನಿನ್ನ ಪತ್ರವಿತ್ತು. ಅಂಚು ಮೆತ್ತಗಾಗುವಷ್ಟು ಮಡಚಿ ಬಿಡಿಸಿದ್ದರು.

ಅದನ್ನು ಓದಿದೆ. ಮೈಕಿನ ವಿಷಯ ಬಂದಾಗ ಅವರು ಕಣ್ಣು ಮುಚ್ಚಿದರು. ಎಡಗೈಯಿಂದ ಹಾಸಿಗೆಯನ್ನು ಬಡಿದರು. ನಿಲ್ಲಿಸು ಎಂದು. ನಾನು ಪೂರ್ತಿ ಓದಿದೆ. ನಡುವೆ ಬಾಯಿ ಹಾಕಲು ಅವರಿಗೆ ಆಗುವುದಿಲ್ಲ. ಮರುದಿನವೂ ಓದಿದೆ. ಈಗ ಬೆಳಗಿನ ಗಂಜಿಯಾದ ಮೇಲೆ ಓದುವುದೆಂದು ಆಗಿದೆ. ನಾನು ಪತ್ರ ಕೈಗೆ ತೆಗೆದುಕೊಂಡರೆ ಸಾಕು, ಮುಖ ಗೋಡೆಗೆ ತಿರುಗಿಸುತ್ತಾರೆ. ಕಿವಿ ನನ್ನ ಕಡೆಗೇ ಇರುತ್ತದೆ. ಕಣ್ಣಿನಿಂದ ನೀರು ಬರುತ್ತದೆ. ಅದು ಕಾಯಿಲೆಯಿಂದಲೋ ಬೇರೆಯಿಂದಲೋ ಎಂದು ನಾನು ಡಾಕ್ಟರನ್ನು ಕೇಳಿಲ್ಲ.

ನನ್ನ ಬಗ್ಗೆ ನೀನು ಬರೆದದ್ದನ್ನೂ ಬಿಡುವುದಿಲ್ಲ. ಫೋನಿನಲ್ಲಿ ನಕ್ಕದ್ದನ್ನು ಓದುತ್ತೇನೆ. ಮಳೆಯನ್ನು ಓದುತ್ತೇನೆ. ಮೊದಮೊದಲು ಅಲ್ಲಿಗೆ ಬಂದಾಗ ನಿಲ್ಲಿಸಿ ನೀರು ಕುಡಿಯುತ್ತಿದ್ದೆ. ಈಗ ಇಲ್ಲ.

ನಿನ್ನೆ ಓದುವಾಗ ಅವರು ಎಡಗೈಯಿಂದ ನನ್ನ ಸೆರಗು ಹಿಡಿದುಕೊಂಡರು. ಬಹಳ ಹೊತ್ತು ಬಿಡಲಿಲ್ಲ. ನನ್ನ ಇಡೀ ಬಾಳಿನಲ್ಲಿ ಅವರು ನನ್ನನ್ನು ಹಾಗೆ ಹಿಡಿದದ್ದು ಇಲ್ಲ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮುಂದಿನ ಸಾಲು ಓದಿದೆ.

ನೀನು ಒಮ್ಮೆ ಬಂದು ಅವರ ಹಾಸಿಗೆಯ ಹತ್ತಿರ ನಿಂತು ಸಾಕು ಎಂದರೆ ನಿಲ್ಲಿಸುತ್ತೇನೆ. ನನ್ನೊಡನೆ ಮಾತಾಡಬೇಕಾಗಿಲ್ಲ, ನನ್ನ ಮುಖ ನೋಡಬೇಕಾಗಿಲ್ಲ. ಕಲ್ಯಾಣದಿಂದ ಡೊಂಬಿವಲಿಗೆ ಎರಡೇ ಸ್ಟೇಷನ್.

ಬರದಿದ್ದರೆ ನಾಳೆ ಬೆಳಿಗ್ಗೆಯೂ ಓದುತ್ತೇನೆ.

ಅಮ್ಮ